ಇನ್ನೂರ ಹನ್ನೆರಡನೆಯ ಪುಟದ ಪರಿಷ್ಕರಣೆ

ಮುದ್ರಿತ ಆಧಾರವಿಲ್ಲದ ಯಾವ ಸಂಗತಿಯೂ ನಡೆದೇ ಇಲ್ಲವೆಂದು ತಿಳಿಯತಕ್ಕದ್ದು. ಇದು ನಮ್ಮ ಪರಿಷ್ಕರಣ ಸಮಿತಿಯ ಮೊದಲನೆಯ ನಿಯಮ. ಈ ನಿಯಮಕ್ಕೇ ಆಧಾರವೇನು ಎಂದು ಯಾರೂ ಕೇಳತಕ್ಕದ್ದಲ್ಲ ಎಂಬುದು ಎರಡನೆಯ ನಿಯಮ. ಸಮಿತಿಯ ಕಾರ್ಯದರ್ಶಿಯಾಗಿ ಎರಡನ್ನೂ ನಾನೇ ಟೈಪು ಮಾಡಿ ಗೋಡೆಗೆ ಅಂಟಿಸಿದ್ದೇನೆ.

ನಮ್ಮ ಪ್ರಕಟಣಾಲಯದ ಹೆಮ್ಮೆಯ ಗ್ರಂಥವೆಂದರೆ ವಿಕಿ ತಂತ್ರಾಂಶದ ಕೈಪಿಡಿ. ವಿಕಿ ಅಂದರೆ ಕಂಪ್ಯೂಟರಿನಲ್ಲಿರುವ ಪುಟಗಳು. ಯಾರು ಬೇಕಾದರೂ ಬರೆಯಬಹುದು, ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು. ಅದನ್ನು ನಡೆಸುವ ತಂತ್ರಾಂಶವೂ ಮುಕ್ತ, ಬಿಟ್ಟಿ ಸಿಗುತ್ತದೆ, ಗೊತ್ತಿದ್ದವರು ಬಿಚ್ಚಿ ನೋಡಿ ರಿಪೇರಿ ಮಾಡಿಕೊಳ್ಳಬಹುದು. ಇಷ್ಟೊಂದು ಸಡಿಲ ವಸ್ತುವಿನ ಬಗ್ಗೆ ಅಷ್ಟೊಂದು ಬಿಗಿಯಾದ ಪುಸ್ತಕ ತಂದವರು ನಾವೊಬ್ಬರೇ. ಅದರ ನಾಲ್ಕನೆಯ ಆವೃತ್ತಿ ಖರ್ಚಾಗಿ, ಪರಿಷ್ಕೃತ ಐದನೆಯದು ತರಬೇಕೆಂದು ತೀರ್ಮಾನವಾಯಿತು. ಅಷ್ಟರಲ್ಲಿ ತಂತ್ರಾಂಶ ಹದಿನಾಲ್ಕು ಸಲ ಬದಲಾಗಿತ್ತು. ತಂತ್ರಾಂಶದವರಿಗೇನು, ಮಾಡೋಕೆ ಬೇರೆ ಕೆಲಸ ಇಲ್ಲ.

ಅಧ್ಯಕ್ಷರು ಪುಸ್ತಕವನ್ನು ಮೂರನೆಯ ಅಧ್ಯಾಯದವರೆಗೆ ಓದಿದ್ದರು. ವಿಕಿಯಲ್ಲಿ ಬರೆಯುವವರು ಪ್ರತಿ ಮಾತಿಗೂ ಪ್ರಕಟವಾದ ಆಧಾರ ಕೊಡುವುದು ಒಳ್ಳೆಯ ಪದ್ಧತಿ ಅಂತ ಅಲ್ಲಿದೆ. ಅವರಿಗೆ ಅದು ಎಷ್ಟು ಹಿಡಿಸಿತೆಂದರೆ, ಅದೇ ಪದ್ಧತಿ ಪುಸ್ತಕಕ್ಕೂ ಅನ್ವಯಿಸತಕ್ಕದ್ದು ಎಂದು ಆಜ್ಞೆ ಹೊರಡಿಸಿಬಿಟ್ಟರು. ಮೇಲೆ ಹೇಳಿದ ನಿಯಮ ಹುಟ್ಟಿದ್ದು ಹೀಗೆ. ಈ ವಿಷಯದಲ್ಲಿ ನಮ್ಮ ಭಾಷೆಯಲ್ಲಿ ಅಚ್ಚಾದ ಪುಸ್ತಕ ಒಂದೇ ಒಂದು, ನಮ್ಮದೇ ನಾಲ್ಕನೆಯ ಆವೃತ್ತಿ. ಆದ್ದರಿಂದ ಐದನೆಯದರಲ್ಲಿ ಏನು ಬರೆಯಬೇಕಾದರೂ ಅದು ನಾಲ್ಕನೆಯದರಲ್ಲಿ ಇರಲೇಬೇಕು ಎಂದಾಯಿತು. ಕೆಲಸ ಇದರಿಂದ ಬಹಳ ಹಗುರವಾಯಿತು.

ಹಗುರವಾಗದೆ ಉಳಿದದ್ದು ಲೇಖಕಿ ಒಬ್ಬರಿಗೆ. ಪುಸ್ತಕ ಬರೆದವರು ಅವರೇ. ಕಳೆದುಹೋದ ಪುಟಗಳನ್ನು ಮರಳಿ ತರುವುದು ಹೇಗೆ ಎಂಬುದು ಇನ್ನೂರ ಹನ್ನೆರಡನೆಯ ಪುಟದಲ್ಲಿದೆ. ಅಲ್ಲಿ ಒಂದು ಸಾಲು ಬಿಟ್ಟುಹೋಗಿ, ಪುಟ ತರಿಸಲು ಕಂಪ್ಯೂಟರಿಗೆ ಕೊಡುವ ಆಜ್ಞೆಯ ಜಾಗದಲ್ಲಿ ಎಲ್ಲವನ್ನೂ ಅಳಿಸುವ ಆಜ್ಞೆ ಅಚ್ಚಾಗಿತ್ತು. ತೆಗೆದಿಟ್ಟ ನಕಲನ್ನೂ ಬಿಡದೆ ಗುಡಿಸಿ ಹಾಕುವ ಆಜ್ಞೆ ಅದು. "ತಪ್ಪು ನಂದೇ ಸಾರ್, ಕರಡು ನೋಡುವಾಗ ನನ್ನ ಕಣ್ಣು ತಪ್ಪಿತು. ಆ ಒಂದು ಪುಟ ತಿದ್ದಲೇಬೇಕು" ಅಂತ ಮೊದಲ ಸಭೆಯಿಂದ ಅವರು ಹಿಡಿದ ಪಟ್ಟು. ಹೆಣ್ಣುಮಗಳಿಗೆ ಇಷ್ಟೊಂದು ಹಟ ಇರಬಾರದು ಅಂತ ನನಗನ್ನಿಸಿತು. ನಡವಳಿಯಲ್ಲಿ ಬರೆಯಲಿಲ್ಲ.

"ತಪ್ಪು ನಿಮ್ಮದೇ ಅನ್ನೋದಕ್ಕೆ ಆಧಾರ?" ಅಧ್ಯಕ್ಷರು ಕೇಳಿದರು.

"ನಾನೇ ಹೇಳ್ತಿದ್ದೀನಲ್ಲ ಸಾರ್!"

"ನೀವು ಹೇಳ್ತಿದ್ದೀರಿ. ಪುಸ್ತಕ ಬೇರೆ ಹೇಳ್ತಿದೆ. ಪುಸ್ತಕ ನಾಲ್ಕು ಸಾವಿರ ಪ್ರತಿ ಅಚ್ಚಾಗಿದೆ. ನೀವು ಎಷ್ಟು ಪ್ರತಿ ಇದ್ದೀರಿ?"

ಆಯಮ್ಮ ಸುಮ್ಮನಾಗುವ ಜಾತಿಯಲ್ಲ. ಮುಂದಿನ ಸಭೆಗೆ ಕಂಪ್ಯೂಟರನ್ನೇ ಹೊತ್ತು ತಂದು ಮೇಜಿನ ಮೇಲಿಟ್ಟರು. ಪ್ರಯೋಗಕ್ಕೆಂದು ಅದರಲ್ಲಿ ಮುನ್ನೂರು ಪುಟ ತುಂಬಿದ್ದರು. ಪುಸ್ತಕ ಬಿಡಿಸಿ, ಇನ್ನೂರ ಹನ್ನೆರಡರಲ್ಲಿರುವುದನ್ನು ಅಕ್ಷರ ಬಿಡದೆ ನಮ್ಮೆದುರೇ ಒತ್ತಿದರು. ಮುನ್ನೂರೂ ಮಾಯ. ಪರದೆ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯಿತು.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಸಾರ್?" ಎಂದರು.

"ಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂದಿದ್ದಾರೆ ಹಿರಿಯರು. ಇದು ಈ ಯಂತ್ರದ ಸ್ವಂತ ಅನುಭವ. ಸ್ವಂತ ಅನುಭವ ಆಧಾರ ಆಗಲ್ಲಮ್ಮ. ನಾಳೆ ಇನ್ನೊಂದು ಯಂತ್ರ ಬಂದು ಇನ್ನೊಂದು ಹೇಳತ್ತೆ, ಎಲ್ಲರ ಮಾತೂ ಕೇಳ್ತಾ ಕೂತ್ಕೊಳ್ಳೋಕಾಗತ್ತಾ?" ಎಂದು ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು. ಯಂತ್ರವನ್ನು ಸಭೆಯಿಂದ ಹೊರಗೆ ಕಳಿಸಲಾಯಿತು.

ಆ ವಾರವೇ ಒಬ್ಬರು ಮೇಷ್ಟ್ರು ನಮ್ಮ ಕಚೇರಿಗೆ ಬಂದರು. ಬಸ್ಸು ಎರಡು ಬದಲಾಯಿಸಿ ಬಂದಿದ್ದರಂತೆ, ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಬಂದರು. ಅವರ ಶಾಲೆಯ ಮಕ್ಕಳು ಆರು ವರ್ಷ ಮನೆ ಮನೆ ತಿರುಗಿ, ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡು ಕೇಳಿ, ಯಾವ ಬಾವಿ ಯಾರು ತೋಡಿದ್ದು, ಯಾವ ಬೇರು ಯಾವ ನೋವಿಗೆ, ಮಗ್ಗದ ಯಾವ ಕಡ್ಡಿಗೆ ಏನು ಹೆಸರು ಅಂತ ಒಂಬೈನೂರು ಪುಟದ ವಿಕಿ ಮಾಡಿದ್ದರು. ಒಂದು ಪುಟ ಕಳೆಯಿತೆಂದು ನಮ್ಮ ಪುಸ್ತಕ ನೋಡಿ ಒತ್ತಿದರು. ಒಂಬೈನೂರೂ ಹೋಯಿತು.

"ಹೇಳಿದವರಲ್ಲಿ ಅರ್ಧ ಜನ ಈಗ ಇಲ್ಲ ತಾಯಿ. ಉಳಿದವರ ಹತ್ತಿರ ಮಕ್ಕಳನ್ನ ಮತ್ತೆ ಕಳಿಸಿದ್ದೀನಿ. ಮುನ್ನೂರ ಹತ್ತು ಪುಟ ಆಗಿದೆ" ಎಂದರು ಮೇಷ್ಟ್ರು, ಅಲ್ಲೇ ಕೂತಿದ್ದ ಲೇಖಕಿಗೆ. ಬೈಯುತ್ತಾರೆಂದು ನಾನು ಕಾದೆ, ಬೈಯಲಿಲ್ಲ. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೈದರೆ ದೂರು ಅಂತ ಒಂದು ಕಡತವಾದರೂ ತೆರೆಯಬಹುದು.

ಲೇಖಕಿ ಎದ್ದು ನಿಂತು, "ಮೇಷ್ಟ್ರೇ, ಆ ಸಾಲು ತಪ್ಪು. ಅದನ್ನ ಮುಟ್ಟಲೇಬೇಡಿ. ಸರಿಯಾದದ್ದು ಬರೆದುಕೊಡ್ತೀನಿ" ಎಂದರು.

"ನನಗೆ ನೀವು ಹೇಳಿದರೆ ಸಾಕಮ್ಮ. ಆದರೆ ನಮ್ಮ ಹೆಡ್‌ಮೇಷ್ಟ್ರು ಇದಾರಲ್ಲ, ಪುಸ್ತಕದಲ್ಲಿರೋದನ್ನ ಬಿಟ್ಟು ಬೇರೆ ಮಾಡಕೂಡದು ಅಂತ ಸುತ್ತೋಲೆ ಹಾಕಿದಾರೆ. ಕಂಪ್ಯೂಟರ್ ಕೋಣೆ ಬೀಗ ಅವರ ಹತ್ತಿರ. ಹೊಸ ಪುಸ್ತಕದಲ್ಲಿ ಸರಿಮಾಡಿಬಿಡಿ, ನಿಮಗೆ ಪುಣ್ಯ ಬರತ್ತೆ."

"ಮಾಡ್ತೀನಿ. ಮಾತು ಕೊಟ್ಟಿದ್ದೀನಿ ಅಂದ್ಕೊಳ್ಳಿ."

ಸಮಿತಿಯ ಅನುಮತಿಯಿಲ್ಲದೆ ಮಾತು ಕೊಡಲು ಲೇಖಕಿಗೆ ಅಧಿಕಾರವಿಲ್ಲ. ಮೇಷ್ಟ್ರು ಹೋದ ಮೇಲೆ ಅದನ್ನು ತಿಳಿಸಿದೆ. ಕಂಡದ್ದನ್ನ ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಅಂತ ನನಗೇ ಗಾದೆ ಹೇಳಿ, ಮುಖ ತಿರುಗಿಸಿಕೊಂಡು ಹೋದರು.

ಐದನೆಯ ಆವೃತ್ತಿ ಅಧ್ಯಕ್ಷರ ಷಡ್ಡಕರ ಮುದ್ರಣಾಲಯದಲ್ಲಿ ಅಚ್ಚಾಯಿತು. ಪರಿಷ್ಕರಣೆ ಸಮಗ್ರವಾಗಿತ್ತು. ರಕ್ಷಾಪುಟ ನೀಲಿಯಿದ್ದದ್ದು ಹಸಿರಾಯಿತು. ಅಧ್ಯಕ್ಷರ ಮುನ್ನುಡಿ ಎರಡು ಪುಟದಿಂದ ಹದಿನಾರಕ್ಕೆ ಬೆಳೆಯಿತು. ಮುನ್ನುಡಿಗೆ ಆಧಾರ ಬೇಕಿಲ್ಲ, ಪುಟಸಂಖ್ಯೆಯೂ ಬೇಕಿಲ್ಲ. ಇನ್ನೂರ ಹನ್ನೆರಡನೆಯ ಪುಟದಲ್ಲಿ ಒಂದು ಅಲ್ಪವಿರಾಮ ಸೇರಿಸುವ ಬಗ್ಗೆ ಎರಡು ಸಭೆ ನಡೆದು, ಕೈಬಿಡಲಾಯಿತು.

ಬಿಡುಗಡೆಯ ದಿನ ಮುಖ್ಯ ಅತಿಥಿಗಳು ಪುಸ್ತಕದಿಂದ ಏನಾದರೊಂದು ಮಾಡಿ ತೋರಿಸಬೇಕೆಂದು ಏರ್ಪಾಡಾಗಿತ್ತು. ನಮ್ಮ ಕಚೇರಿಯದೇ ವಿಕಿಯನ್ನು ದೊಡ್ಡ ಪರದೆಗೆ ಜೋಡಿಸಿದ್ದೆವು. ಹದಿನೇಳು ವರ್ಷದ ನಡವಳಿ, ಸುತ್ತೋಲೆ, ರಜೆಯ ಲೆಕ್ಕ, ಎಲ್ಲರ ಸೇವಾ ದಾಖಲೆ ಅದರಲ್ಲೇ ಇದ್ದವು. ಅತಿಥಿಗಳು ಪುಸ್ತಕವನ್ನು ಕಣ್ಣುಮುಚ್ಚಿ ತೆರೆದರು. ಯಾವ ಪುಟ ತೆರೆದುಕೊಂಡಿತೆಂದು ಹೇಳಬೇಕಾಗಿಲ್ಲ. ಓದಿ ಓದಿ ಕಟ್ಟು ಸಡಿಲವಾಗಿದ್ದ ಪುಟ ಅದೊಂದೇ. ಅಲ್ಪವಿರಾಮದ ಸಭೆಗಳಲ್ಲಿ ತಿರುವಿಹಾಕಿದ್ದ ಸಮಿತಿಯ ಪ್ರತಿಗೇ ಹಸಿರು ರಕ್ಷಾಪುಟ ಹೊದಿಸಿ ಅವರ ಕೈಗೆ ಕೊಟ್ಟಿದ್ದೆವು.

"ಒತ್ತಬೇಡಿ ಸಾರ್, ದಮ್ಮಯ್ಯ ಅಂತೀನಿ!" ಹಿಂದಿನ ಸಾಲಿನಿಂದ ಲೇಖಕಿ ಕೂಗಿಕೊಂಡರು. ಲೇಖಕರಿಗೆ ಇಂಥ ದಿನ ಭಾವೋದ್ವೇಗ ಸಹಜ ಎಂದು ಅಧ್ಯಕ್ಷರು ಮೈಕಿನಲ್ಲಿ ಹೇಳಿದರು. ಅತಿಥಿಗಳು ಒತ್ತಿದರು.

ಹದಿನೇಳು ವರ್ಷ ನಾಲ್ಕು ಸೆಕೆಂಡಿನಲ್ಲಿ ಖಾಲಿಯಾಯಿತು. ಸಭೆ ಚಪ್ಪಾಳೆ ತಟ್ಟಿತು. ಪರದೆ ಎಷ್ಟು ಸ್ವಚ್ಛವಾಗಿದೆ ನೋಡಿ, ಇಂಥ ವೇಗ ಯಾವ ಕಚೇರಿಯಲ್ಲೂ ಕಂಡಿರಲಿಲ್ಲ ಎಂದು ಅತಿಥಿಗಳು ಮೆಚ್ಚಿದರು. ನನ್ನ ಹನ್ನೊಂದು ದಿನದ ಗಳಿಕೆ ರಜೆಯೂ ಅದರಲ್ಲಿತ್ತು, ಅಯ್ಯೋ ಅನ್ನಿಸಿತು. ಆದರೂ ತಟ್ಟಿದೆ.

ಮೂಲೆಯಲ್ಲಿ ಕೂತಿದ್ದ ಪತ್ರಿಕೆಯ ವರದಿಗಾರ ಮಾತ್ರ ಚಪ್ಪಾಳೆ ಬಿಟ್ಟು ಬರೆದುಕೊಂಡ. ಮರುದಿನ ಒಳಪುಟದಲ್ಲಿ ಸುದ್ದಿ ಬಂತು: "ಕೈಪಿಡಿಯ ೨೧೨ನೆಯ ಪುಟದಂತೆ ಮಾಡಿದಾಗ ಮಾಹಿತಿಯೆಲ್ಲ ಅಳಿಸಿಹೋಯಿತು." ಲೇಖಕಿ ಆ ತುಂಡನ್ನು ಕತ್ತರಿಸಿಕೊಂಡು ಓಡೋಡಿ ಬಂದರು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ನೋಡಿರಲಿಲ್ಲ.

"ತಗೊಳ್ಳಿ ಸಾರ್, ಆಧಾರ! ಅಚ್ಚಾಗಿದೆ!"

ಅಧ್ಯಕ್ಷರು ಬೆಳಕಿಗೆ ಹಿಡಿದು ನೋಡಿದರು. ಅಚ್ಚಾಗಿತ್ತು. ನಿಯಮ ನಿಯಮವೇ, ಅವರು ತಕ್ಷಣ ಒಪ್ಪಿದರು. "ಹಾಗಾದರೆ ಈಗ ನಮ್ಮ ಹತ್ತಿರ ಎರಡು ಆಧಾರ ಆಯ್ತು. ತರಿಸತ್ತೆ ಅಂತ ಪುಸ್ತಕ, ಅಳಿಸತ್ತೆ ಅಂತ ಪತ್ರಿಕೆ. ಒಂದು ಕಡೆ ವಾಲೋದು ನಮಗೆ ಶೋಭೆಯಲ್ಲ. ಎರಡನ್ನೂ ಹಾಕೋಣ."

"ಸರಿಯಾದ ಆಜ್ಞೆ ಹಾಕಬೇಕಲ್ಲ ಸಾರ್?"

"ಅದು ಎರಡರಲ್ಲೂ ಇಲ್ವಲ್ಲಮ್ಮ."

ಷಡ್ಡಕರಲ್ಲಿ ನಾಲ್ಕು ಸಾವಿರ ಚೀಟಿ ಅಚ್ಚಾಗಿ, ಪ್ರತಿಯೊಂದು ಪುಸ್ತಕದ ಆ ಪುಟಕ್ಕೂ ಅಂಟಿಸಲಾಯಿತು. ಅದರ ಪಾಠ: "ಮೇಲ್ಕಂಡ ಆಜ್ಞೆಯಿಂದ ಪುಟಗಳು ಮರಳಿ ಬರುತ್ತವೆ ಎಂಬುದು ಒಂದು ಅಭಿಪ್ರಾಯ. ಎಲ್ಲವೂ ಅಳಿಸಿಹೋಗುತ್ತದೆ ಎಂಬುದು ಇನ್ನೊಂದು ಅಭಿಪ್ರಾಯ. ಓದುಗರು ಸ್ವತಃ ಮಾಡಿ ತಿಳಿಯತಕ್ಕದ್ದು." ಇಷ್ಟು ಸಮತೂಕದ ಬರಹ ನಮ್ಮ ಪ್ರಕಟಣಾಲಯದಿಂದ ಹಿಂದೆ ಬಂದಿರಲಿಲ್ಲ.

ಎರಡು ತಿಂಗಳಾದ ಮೇಲೆ ಆ ಶಾಲೆಯ ಹೆಡ್‌ಮೇಷ್ಟ್ರ ಪತ್ರ ಬಂತು. "ತಮ್ಮ ಗ್ರಂಥದ ೨೧೨ನೆಯ ಪುಟದ ಸೂಚನೆಯಂತೆ ಸ್ವತಃ ಮಾಡಲಾಗಿ, ಎರಡನೆಯ ಅಭಿಪ್ರಾಯವು ನಮ್ಮ ಶಾಲೆಯಲ್ಲಿ ಚಾಚೂ ತಪ್ಪದೆ ಫಲಿಸಿತೆಂದು ತಿಳಿಸಲು ಸಂತೋಷಪಡುತ್ತೇವೆ. ಇಂಥ ನಂಬಿಗಸ್ತ ಪುಸ್ತಕ ಪ್ರತಿ ಶಾಲೆಯಲ್ಲೂ ಇರಬೇಕು." ಕೆಳಗೆ ಮೇಷ್ಟ್ರು ಪೆನ್ಸಿಲಿನಲ್ಲಿ ಎರಡು ಸಾಲು ಬರೆದಿದ್ದರು. "ತಾಯಿ, ಮಕ್ಕಳನ್ನು ಮತ್ತೆ ಕಳಿಸಿದ್ದೇನೆ. ಹೇಳುವವರು ಇನ್ನು ಒಂಬತ್ತು ಜನ ಇದ್ದಾರೆ, ಅವರಲ್ಲಿ ನಾಲ್ವರಿಗೆ ಮಾತು ಹೊರಡುವುದಿಲ್ಲ."

ಪುಸ್ತಕಕ್ಕೆ ಬಂದ ಮೊದಲ ಮೆಚ್ಚುಗೆಯ ಪತ್ರ ಇದು. ಆರನೆಯ ಆವೃತ್ತಿಯ ಹಿಂಬದಿಯಲ್ಲಿ ಇದನ್ನು ಅಚ್ಚು ಹಾಕಿಸಬೇಕೆಂದು ಸಮಿತಿ ಒಮ್ಮತದಿಂದ ನಿರ್ಣಯಿಸಿತು. ಪೆನ್ಸಿಲಿನ ಎರಡು ಸಾಲಿಗೆ ಮುದ್ರಿತ ಆಧಾರವಿಲ್ಲದ್ದರಿಂದ ಅವನ್ನು ತೆಗೆಯಲಾಯಿತು. ನಿರ್ಣಯಕ್ಕೆ ಲೇಖಕಿಯ ಸಹಿಯೂ ಬೇಕಿತ್ತು. ಅವರ ಸಹಿಯಿಲ್ಲದೆ ಆರನೆಯ ಆವೃತ್ತಿಯ ಕೆಲಸ ಶುರುವಾಗುವುದಿಲ್ಲ, ಅದು ಶುರುವಾಗದೆ ಪುಟ ತಿದ್ದಿಸಲು ಅರ್ಜಿ ಹಾಕುವಂತಿಲ್ಲ. ಅವರು ಪತ್ರವನ್ನು ಮೂರು ಸಲ ಓದಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಎಲ್ಲಿ ಹಾಕಬೇಕು ಅಂತ ಕೇಳಿದರು. ನಾನು ಬೆರಳಿಟ್ಟು ತೋರಿಸಿದೆ, ಹಾಕಿದರು.