ರೆಡ್ಮಂಡ್‌ನಲ್ಲಿ ಕೂತು ನಾನು ಗೆದ್ದ ಇಟಲಿ

ನಾನು ಬಾಯಿ ಬಿಟ್ಟರೆ ಏನಾದರೂ ಒಂದು ಆಗಿಯೇ ಆಗುತ್ತದೆ. ಮೈಸೂರಿನಲ್ಲಿ ನಲವತ್ತು ವರ್ಷ ಜಟಕಾ ಹೊಡೆಯುವಾಗಲೂ ಆಗುತ್ತಿತ್ತು, ಈಗ ಅಮೆರಿಕದ ರೆಡ್ಮಂಡ್ ಊರಿನ ಎಜುಕೇಶನ್ ಹಿಲ್‌ನಲ್ಲಿ ಮಗಳ ಮನೆಯಲ್ಲಿ ಕೂತಾಗಲೂ ಆಗುತ್ತಿದೆ. ಶಾಲೆಯ ಬಾಗಿಲವರೆಗೆ ಸಾವಿರಾರು ಮಕ್ಕಳನ್ನು ಬಿಟ್ಟು ಬಂದವನು ನಾನು, ಒಳಗೆ ಮಾತ್ರ ಒಂದು ದಿನವೂ ಕಾಲಿಟ್ಟವನಲ್ಲ. ಕನ್ನಡ ಕಲಿತದ್ದು ಜಟಕಾದ ಮೇಲೆ ಕೂತು ಅಂಗಡಿ ಬೋರ್ಡು ಓದಿ. ಇದನ್ನು ಬರೆದದ್ದು ನಾನೇ. ಪಕ್ಕದ ಬೀದಿಯಲ್ಲಿರುವ ಮೇಷ್ಟ್ರು ಕಾಗುಣಿತ ತಿದ್ದಿಕೊಟ್ಟಿದ್ದಾರೆ. ಮಿಕ್ಕಿದ್ದನ್ನೂ ತಿದ್ದುತ್ತೇನೆ ಅಂದರು, ನಾನು ಪೆನ್ಸಿಲ್ ಕಿತ್ತುಕೊಂಡೆ.

ಈ ಮೇಷ್ಟ್ರೂ ಮೈಸೂರಿನವರೇ, ರಿಟೈರ್ ಆದವರು. ಲೈಬ್ರರಿಯಲ್ಲಿ ಮಂಗಳವಾರ ಬೆಳಿಗ್ಗೆ ವಯಸ್ಸಾದವರಿಗೆ ಇಟಲಿಯ ಪಾಠ ಇದೆ, ವಾರಕ್ಕೊಂದು ಊರು, ಪರದೆ ಮೇಲೆ ಚಿತ್ರ ತೋರಿಸುತ್ತಾರೆ, ಕಾಫಿಯೂ ಉಂಟು ಅಂತ ನನ್ನನ್ನು ಎಳೆದುಕೊಂಡು ಹೋದವರು ಅವರೇ. ಇಂಗ್ಲಿಷಿನಲ್ಲಿ ನಡೆಯುವುದನ್ನು ನನ್ನ ಕಿವಿಯಲ್ಲಿ ಕನ್ನಡ ಮಾಡಿ ಹಾಕುತ್ತೇನೆ ಅಂದರು. ಹೋದೆ.

ರೋಮಿನ ದೊರೆ

ಪಾಠ ಹೇಳುವವಳು ಬೆಳ್ಳಿ ಕೂದಲಿನ ಅಮೆರಿಕನ್ ಟೀಚರಮ್ಮ. ಮೊದಲ ವಾರ ರೋಮು. ಕಂಚಿನ ಕುದುರೆ ಮೇಲೆ ಕೈ ಚಾಚಿ ಕೂತ ಒಬ್ಬ ದೊರೆಯ ವಿಗ್ರಹ ತೋರಿಸಿದಳು. ಎಲ್ಲರೂ ದೊರೆಯ ಮುಖ ನೋಡಿದರು, ನಾನು ಕಾಲು ನೋಡಿದೆ. ಕಾಲಿಡುವ ರಿಕಾಪೇ ಇಲ್ಲ, ಎರಡು ಕಾಲೂ ಗಾಳಿಯಲ್ಲಿ ನೇತಾಡುತ್ತಿವೆ. ಈ ಮನುಷ್ಯ ಸಂಜೆ ಹೊತ್ತಿಗೆ ಸೊಂಟ ಹಿಡಿದುಕೊಂಡು ಇಳಿದಿರುತ್ತಾನೆ ಅಂದೆ. ಮೇಷ್ಟ್ರು ಇಂಗ್ಲಿಷ್ ಮಾಡಿದರು. ಟೀಚರಮ್ಮ ಚಪ್ಪಾಳೆ ತಟ್ಟಿ, ಹೌದು, ಆ ಕಾಲಕ್ಕೆ ರೋಮಿನವರಿಗೆ ರಿಕಾಪು ಗೊತ್ತೇ ಇರಲಿಲ್ಲ, ಇದುವರೆಗೆ ಯಾವ ಶಿಷ್ಯನೂ ತಾನಾಗಿ ಇದನ್ನು ಕಂಡಿರಲಿಲ್ಲ, ನೀವು ಕುದುರೆ ಸವಾರರಾ ಅಂತ ಕೇಳಿದಳು.

ಜಟಕಾದವನು ಕುದುರೆ ಮೇಲೆ ಕೂರುವುದಿಲ್ಲ, ಹಿಂದೆ ಕೂರುತ್ತಾನೆ. ನಾನು ಜನ್ಮದಲ್ಲಿ ಕುದುರೆ ಬೆನ್ನು ಹತ್ತಿದವನಲ್ಲ. ನನ್ನ ನಿಕಾಕ್ಕೂ ಕುದುರೆ ದಣಿದಿದೆ ಅಂತ ಗೆಳೆಯನ ಕಾರಿನಲ್ಲಿ ಹೋದವನು. ಆದರೆ ಅಷ್ಟು ಜನ ತಿರುಗಿ ನೋಡುತ್ತಿರುವಾಗ ಇದನ್ನೆಲ್ಲ ಬಿಡಿಸಿ ಹೇಳಲಿಕ್ಕೆ ಆಗುತ್ತದೆಯೇ? ದಸರಾ ಮೆರವಣಿಗೆಯಲ್ಲಿ ಇಪ್ಪತ್ತು ವರ್ಷ ಎಲ್ಲರಿಗಿಂತ ಮುಂದೆ ಬಿಳಿ ಕುದುರೆ ಮೇಲೆ ಹೋದವನು ನಾನೇ ಅಂದುಬಿಟ್ಟೆ. ಮೇಷ್ಟ್ರು ಅದನ್ನೂ ಇಂಗ್ಲಿಷ್ ಮಾಡಿದರು. ಇಪ್ಪತ್ತನ್ನು ಹತ್ತು ಮಾಡಿದರಂತೆ. ಅವರಿಂದ ಆದ ಸಹಾಯ ಅಷ್ಟು.

ಆ ವಿಗ್ರಹದ ಕಥೆಯೂ ಚೆನ್ನಾಗಿದೆ. ಹಳೆಯ ದೊರೆಗಳ ಕಂಚಿನ ವಿಗ್ರಹಗಳನ್ನು ಆಮೇಲೆ ಬಂದ ಕ್ರೈಸ್ತರ ಕಾಲದಲ್ಲಿ ಕರಗಿಸಿ ಹಾಕಿದರಂತೆ. ಇವನು ಒಬ್ಬ ಉಳಿದ, ಯಾಕೆಂದರೆ ಇವನನ್ನು ತಮ್ಮದೇ ದೊರೆ ಅಂತ ತಪ್ಪು ತಿಳಿದುಕೊಂಡಿದ್ದರು. ನನಗೆ ಧೈರ್ಯ ಬಂತು. ಜನ ತಪ್ಪು ತಿಳಿದುಕೊಂಡರೆ ಸಾವಿರಾರು ವರ್ಷ ಕುದುರೆ ಮೇಲೇ ಕೂತಿರಬಹುದು.

ಕುದುರೆ ಇಲ್ಲದ ಊರು

ವೆನಿಸ್ ಅಂದರೆ ಬೀದಿಯಲ್ಲೆಲ್ಲ ನೀರು. ಜಟಕಾ ಇಲ್ಲ, ಗಾಡಿ ಇಲ್ಲ, ದೋಣಿಯೇ ಎಲ್ಲ. ಪಾಪದ ಊರು ಅಂತ ಕೂತಿದ್ದರೆ, ಅವರ ದೊಡ್ಡ ಚರ್ಚಿನ ಬಾಗಿಲ ಮೇಲೆ ನಾಲ್ಕು ಕಂಚಿನ ಕುದುರೆ. ಎಲ್ಲಿಂದ ಬಂತು ಅಂದರೆ, ಯುದ್ಧಕ್ಕೆ ಹೋದಾಗ ಈಗ ಇಸ್ತಾಂಬುಲ್ ಅಂತಾರಲ್ಲ, ಆ ಊರಿಂದ ಹೊತ್ತು ತಂದರಂತೆ. ಆಮೇಲೆ ಫ್ರಾನ್ಸಿನವರು ಬಂದು ಇವರಿಂದ ಹೊತ್ತುಕೊಂಡು ಹೋದರಂತೆ. ಅವರು ಸೋತ ಮೇಲೆ ವಾಪಸ್ ಬಂತಂತೆ.

ಹತ್ತುವವನಿಲ್ಲದ ಕುದುರೆಗೆ ಇಷ್ಟು ಕಳ್ಳರಾ ಅಂದೆ. ನನ್ನ ಕುದುರೆಯನ್ನೂ ಒಮ್ಮೆ ಕದ್ದಿದ್ದರು. ಅದಕ್ಕೆ ದೊಡ್ಡ ಗಡಿಯಾರ ನೋಡಿ ಟೈಮು ತಿಳಿಯುತ್ತಿತ್ತು, ಹನ್ನೆರಡಕ್ಕೆ ಸರಿಯಾಗಿ ಹುರುಳಿ ಬೇಕು. ಕಳ್ಳ ಹನ್ನೆರಡೂವರೆಗೆ ಕೊಟ್ಟನಂತೆ. ಒಂದು ಗಂಟೆಗೆ ಕುದುರೆ ಮನೆ ಮುಂದೆ ನಿಂತಿತ್ತು. ಇದನ್ನು ಇಂಗ್ಲಿಷ್ ಮಾಡಿ ಅಂದೆ. ಮೇಷ್ಟ್ರು ಎದ್ದು ಹೋಗಿ ಕಾಫಿ ತಂದುಕೊಂಡರು.

ಫ್ಲಾರೆನ್ಸಿನ ಗೋಡೆ

ನಾನು ಸಿಕ್ಕಿಬಿದ್ದದ್ದು ಇಲ್ಲಿ. ಫ್ಲಾರೆನ್ಸಿನವರು ವ್ಯಾಪಾರಸ್ಥರು, ತಾವು ಯುದ್ಧ ಮಾಡುತ್ತಿರಲಿಲ್ಲ, ಬಾಡಿಗೆಗೆ ಸೇನಾಪತಿಗಳನ್ನು ಕರೆಸುತ್ತಿದ್ದರು. ಹಾಗೆ ಬಂದ ಒಬ್ಬ ಇಂಗ್ಲೆಂಡಿನವನಿಗೆ, ನೀನು ಸತ್ತ ಮೇಲೆ ಅಮೃತಶಿಲೆಯ ಗೋರಿ ಕಟ್ಟಿಸುತ್ತೇವೆ ಅಂದಿದ್ದರಂತೆ. ಸತ್ತ. ಎಷ್ಟೋ ವರ್ಷ ತಳ್ಳಿ ತಳ್ಳಿ, ಕೊನೆಗೆ ಚರ್ಚಿನ ಗೋಡೆ ಮೇಲೆ ಅವನು ಕುದುರೆ ಮೇಲೆ ಕೂತ ಹಾಗೆ ಬಣ್ಣದಲ್ಲಿ ಬರೆಸಿ ಕೈ ತೊಳೆದುಕೊಂಡರು.

ಚಿತ್ರ ನೋಡಿದ ತಕ್ಷಣ ನನ್ನ ಬಾಯಿ ತಡೆಯಲಿಲ್ಲ. ಕುದುರೆ ಒಂದೇ ಪಕ್ಕದ ಮುಂಗಾಲು ಹಿಂಗಾಲು ಎರಡನ್ನೂ ಎತ್ತಿದೆ, ಒಂಟೆ ಬೇಕಾದರೆ ಹಾಗೆ ನಡೆಯುತ್ತೆ, ಈ ಕುದುರೆ ಇನ್ನೊಂದು ಹೆಜ್ಜೆ ಇಟ್ಟರೆ ಸೇನಾಪತಿ ಕೆಳಗೆ ಅಂದೆ. ಟೀಚರಮ್ಮ ಕನ್ನಡಕ ತೆಗೆದಳು. ಈ ಕಾಲಿನ ಮೇಲೆ ವಿದ್ವಾಂಸರು ನೂರಾರು ವರ್ಷದಿಂದ ಜಗಳ ಆಡುತ್ತಿದ್ದಾರಂತೆ. ಚಿತ್ರಗಾರನದು ತಪ್ಪು ಅಂತ ಕೆಲವರು, ಕುದುರೆಗೆ ಹಾಗೆ ನಡೆಯೋದು ಕಲಿಸಬಹುದು ಅಂತ ಕೆಲವರು.

ಹಿಂದಿನ ಸಾಲಿನಲ್ಲಿ ದೊಡ್ಡ ಟೋಪಿಯ ಒಬ್ಬ ಮುದುಕ ಕೂರುತ್ತಿದ್ದ. ಎದ್ದು ಬಂದು ನನ್ನ ಕೈ ಕುಲುಕಿದ. ಪಕ್ಕದ ಬಾಥೆಲ್ ಊರಿನ ಆಚೆ ಅವನಿಗೆ ಕುದುರೆ ಲಾಯ ಇದೆ. ಕೊನೆಯ ವಾರ ಸಿಯೆನಾ ಊರಿನ ಪಾಠ, ಅದು ಕುದುರೆ ಓಟದ ಊರು, ಪಾಠ ನನ್ನ ಲಾಯದಲ್ಲೇ ಆಗಲಿ, ನಾವು ಮೂರು ಜನ ಸವಾರರು ಒಂದು ಸುತ್ತು ಓಡಿಸೋಣ ಅಂದ. ಒಬ್ಬ ಅವನು, ಒಬ್ಬಳು ಟೀಚರಮ್ಮ. ಮೂರನೆಯವನು ಯಾರು ಅಂತ ನಾನು ಸುತ್ತ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಮೂರು ಪುಟದ ಕಾಗದ

ಮನೆಗೆ ಬಂದು ಮಗಳಿಗೆ ಹೇಳಿದೆ. ಹೋದ ವರ್ಷ ಬಚ್ಚಲಲ್ಲಿ ಜಾರಿ ಸೊಂಟ ಉಳುಕಿಸಿಕೊಂಡಾಗ ಆರು ವಾರ ನನ್ನನ್ನು ಎತ್ತಿ ಕೂರಿಸಿದವಳು ಅವಳು. ಲ್ಯಾಪ್‌ಟಾಪ್ ಮುಚ್ಚಿಟ್ಟು ಅವಳು ಅಂದಳು, ಅಬ್ಬಾ, ನಿಜ ಹೇಳಿದರೆ ಅವರು ಒಂದು ದಿನ ನಗುತ್ತಾರೆ, ಬಿದ್ದರೆ ನಾವಿಬ್ಬರೂ ಆರು ತಿಂಗಳು ಅಳಬೇಕು. ಮೂಳೆ ದೊಡ್ಡದೋ ಮಾತು ದೊಡ್ಡದೋ ನೀವೇ ನೋಡಿ.

ನಾನು ಮಳೆಯನ್ನು ನಂಬಿದೆ. ಇದು ಒಂಬತ್ತು ತಿಂಗಳು ಹನಿಯುವ ಸೀಮೆ. ಓಟದ ದಿನ ಮಾತ್ರ ಒಂದು ಮೋಡ ಇಲ್ಲ. ದೂರದ ಹಿಮದ ಬೆಟ್ಟವೂ ನನ್ನನ್ನು ನೋಡಲು ಪೂರ್ತಿ ಹೊರಗೆ ಬಂದು ನಿಂತಿತ್ತು.

ಲಾಯದ ಬಾಗಿಲಲ್ಲಿ ಒಂದು ಕಾಗದ ಕೊಟ್ಟು ಸಹಿ ಹಾಕಿ ಅಂದರು. ಏನು ಬರೆದಿದೆ ಅಂತ ಮೇಷ್ಟ್ರನ್ನು ಕೇಳಿದೆ. ಬಿದ್ದರೆ ಅವರು ಜವಾಬ್ದಾರರಲ್ಲ ಅಂತ ಅಂದರು. ಅಷ್ಟಕ್ಕೆ ಮೂರು ಪುಟ ಯಾಕೆ ಅಂದೆ.

"ಎಷ್ಟು ಥರ ಬೀಳಬಹುದು ಅಂತ ಬಿಡಿಸಿ ಬರೆದಿದ್ದಾರೆ ಸಾಬ್ರೇ. ಈಗಲಾದರೂ ನಿಜ ಹೇಳಿಬಿಡಿ. ನಾನು ಇಂಗ್ಲಿಷಿನಲ್ಲಿ ಮರ್ಯಾದೆಯಾಗಿ ಹೇಳ್ತೀನಿ."

"ಇಂಗ್ಲಿಷಿನಲ್ಲಿ ಹೇಳಿದರೆ ಮರ್ಯಾದೆ ಉಳಿಯುತ್ತಾ ಮೇಷ್ಟ್ರೇ?"

"ಮರ್ಯಾದೆ ಉಳಿಯಲ್ಲ. ಮೂಳೆ ಉಳಿಯುತ್ತೆ."

ನಾನು ಸಹಿ ಹಾಕಿದೆ.

ಸಿಯೆನಾ

ಟೀಚರಮ್ಮ ಬೇಲಿ ಪಕ್ಕ ನಿಂತು ಪಾಠ ಹೇಳಿದಳು. ಸಿಯೆನಾ ಒಂದು ಕಾಲಕ್ಕೆ ಫ್ಲಾರೆನ್ಸಿಗೆ ಸಮನಾಗಿ ನಿಂತಿದ್ದ ಊರು. ಕೊನೆಗೆ ಸೋತಿತು, ರಾಜ್ಯ ಹೋಯಿತು, ಊರ ನಡುವಿನ ಚೌಕದಲ್ಲಿ ಕುದುರೆ ಓಡಿಸುವುದು ಮಾತ್ರ ಬಿಡಲಿಲ್ಲ. ಊರಿನಲ್ಲಿ ಹದಿನೇಳು ಕೇರಿ, ಕೇರಿಗೊಂದು ಬಾವುಟ, ಹೆಚ್ಚಿನವು ಪ್ರಾಣಿಯವು. ಪಕ್ಕದ ಕೇರಿಯವನು ಗೆದ್ದರೆ ಒಂದು ವರ್ಷ ತಲೆ ತಗ್ಗಿಸಿ ನಡೀತಾರಂತೆ. ನಮಗೂ ಚೀಟಿ ಎತ್ತಿಸಿದರು. ಟೋಪಿಯವನಿಗೆ ಬಾತುಕೋಳಿ, ಟೀಚರಮ್ಮನಿಗೆ ಆಮೆ, ನನಗೆ ಬಸವನಹುಳು. ಅದರಲ್ಲೂ ದೇವರ ಕೈ ಇದೆ ಅಂತ ಸ್ವಲ್ಪ ಸಮಾಧಾನ ಆಯಿತು.

ಇಬ್ಬರು ಸೇರಿ ನನ್ನನ್ನು ಮೇಲೆ ಹತ್ತಿಸಿದರು. ನಲವತ್ತು ವರ್ಷ ಹಿಂದಿನಿಂದ ನೋಡಿದ ಪ್ರಾಣಿ, ಮೇಲಿನಿಂದ ನೋಡಿದರೆ ಬೇರೆಯೇ. ನೆಲ ಮಹಡಿ ಮೇಲಿನಿಂದ ಕಂಡ ಹಾಗೆ ಕಂಡಿತು. ಬಿಸ್ಮಿಲ್ಲಾ ಅಂದು ಲಗಾಮು ಹಿಡಿದೆ. ಶಿಳ್ಳೆ ಹಾಕಿದರು. ಬಾತುಕೋಳಿ ಹೋಯಿತು, ಆಮೆ ಹೋಯಿತು, ನನ್ನ ಕುದುರೆ ಮಾತ್ರ ನಿಂತೇ ಇತ್ತು. ಹೀಗೇ ನಿಂತಿರು ತಾಯಿ, ನಿನಗೆ ಪುಣ್ಯ ಬರುತ್ತೆ ಅಂತ ಮನಸ್ಸಿನಲ್ಲೇ ಕೈ ಮುಗಿದೆ.

ಅಷ್ಟರಲ್ಲಿ ಅದಕ್ಕೆ ಹುಲ್ಲು ಕಂಡಿತು. ಕತ್ತು ಬಗ್ಗಿಸಿತು. ಕತ್ತು ಹೋದ ಕಡೆ ನಾನೂ ಹೋದೆ. ಜಾರುಬಂಡೆಯ ಮೇಲೆ ಕೂಸು ಜಾರಿದ ಹಾಗೆ ಮೆತ್ತಗೆ ಜಾರಿ, ಹುಲ್ಲಿನ ಮೇಲೆ ಚಕ್ಕಂಬಕ್ಕಳ ಕೂತೆ. ಸೊಂಟ ಮುಟ್ಟಿ ನೋಡಿಕೊಂಡೆ, ಇತ್ತು. ಮೊಣಕಾಲು ಮಡಿಸಿದೆ, ಮಡಿಸಿತು. ಯಾ ಅಲ್ಲಾ, ಮಾತು ಹೋದರೆ ಹೋಗಲಿ ಅಂತ ಉಸಿರು ಬಿಟ್ಟೆ. ಬೇಲಿ ಆಚೆ ಎಲ್ಲರೂ ಬಾಯಿ ಮೇಲೆ ಕೈ ಇಟ್ಟುಕೊಂಡಿದ್ದರು. ಈಗ ಹೇಳಲೇಬೇಕು, ಜಟಕಾದವನು ಅಂತ ಒಪ್ಪಿಕೊಂಡುಬಿಡೋಣ ಅಂತ ಏಳುತ್ತಿದ್ದೆ.

ಭಾರ ಇಳಿದ ಕುದುರೆಗೆ ಏನು ಹೊಳೆಯಿತೋ, ತಲೆ ಎತ್ತಿ ಓಡಿತು ನೋಡಿ. ಉಳಿದ ಎರಡೂ ಮುದುಕರ ಲೆಕ್ಕದಲ್ಲಿ ನಡೆಯುತ್ತಿದ್ದವು. ಇದು ಆಮೆಯನ್ನು ದಾಟಿತು, ಬಾತುಕೋಳಿಯನ್ನು ದಾಟಿತು, ಒಂದು ಸುತ್ತು ಪೂರ್ತಿ ಹೊಡೆದು ಗುರಿಗೆ ಅಂತ ಹಗ್ಗ ಕಟ್ಟಿದ ಜಾಗಕ್ಕೆ ಎಲ್ಲರಿಗಿಂತ ಮೊದಲು ಬಂದು ನಿಂತಿತು.

ಟೀಚರಮ್ಮ ಕುದುರೆ ಇಳಿದು ಓಡಿ ಬಂದು ನನ್ನ ಕೈ ಹಿಡಿದು ಮೇಲೆತ್ತಿದಳು. ಏನೋ ಕೂಗಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಅರ್ಥ ಆಗಲಿಲ್ಲ. ಮೇಷ್ಟ್ರು ಬಂದು ಕಿವಿಯಲ್ಲಿ ಹೇಳಿದರು, ಸಿಯೆನಾದ ಕಾಯಿದೆಯಲ್ಲಿ ಗೆಲ್ಲುವುದು ಕುದುರೆಯಂತೆ, ಮೇಲೆ ಸವಾರ ಇದ್ದರೂ ಒಂದೇ ಬಿಟ್ಟರೂ ಒಂದೇ. ಬಸವನಹುಳು ಗೆದ್ದಿದೆ ಸಾಬ್ರೇ, ಬಾಯಿ ಮುಚ್ಚಿಕೊಂಡು, ಗೆದ್ದವರಿಗೆ ಅಂತ ತಂದಿರೋ ಶಾಲು ಹೊದಿಸಿಕೊಳ್ಳಿ. ಟೋಪಿಯವನಂತೂ ನನ್ನ ಬೆನ್ನು ತಟ್ಟಿ, ಸಮಯ ನೋಡಿ ಇಳಿದಿರಿ, ದಸರಾದ ಅನುಭವ ಅಂದರೆ ಇದು ಅಂದನಂತೆ. ನಾನು ಇಲ್ಲ ಅನ್ನಲಿಲ್ಲ.

ಶಾಲು ಹೊದ್ದುಕೊಂಡು ನಿಂತಿದ್ದಾಗಲೇ ಮಗಳ ಫೋನು ಬಂತು. ಓವರ್‌ಲೇಕ್ ಕಡೆಯ ಅವಳ ಆಫೀಸಿನಿಂದ, ಮೀಟಿಂಗ್ ಮಧ್ಯೆ ಎದ್ದು ಬಂದಿದ್ದಾಳೆ.

"ಅಬ್ಬಾ, ಒಂದೇ ಮಾತಲ್ಲಿ ಹೇಳಿ. ಗೆದ್ದಿರಾ, ಬಿದ್ದಿರಾ?"

"ಎರಡೂ ಮಗಳೇ," ಅಂದೆ. "ಮೊದಲು ಬಿದ್ದೆ, ಆಮೇಲೆ ಗೆದ್ದೆ."