ಗುರುಸಿದ್ದಪ್ಪನವರು ಬಂಡಿಗೆ ಬಾಯಿ ಕೊಟ್ಟದ್ದು

“ಈ ಬಂಡಿಗೆ ನಾ ಬಾಯಿ ಕೊಡ್ತೀನಿ!” ಎಂದು ಗುರುಸಿದ್ದಪ್ಪನವರು ಚಹಾದ ಕಪ್ಪನ್ನು ಮೇಜಿಗೆ ಕುಟ್ಟಿ ಘೋಷಿಸಿದಾಗ, ಅವರ ಹೆಂಡತಿ ಶಂಕ್ರಮ್ಮ ಮೊದಲು ಮಾಡಿದ ಕೆಲಸವೆಂದರೆ ಮಿಕ್ಸರನ್ನು ಎತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದು. ಅನುಭವ! ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ವೈರು ಬೆಸೆದು ನಿವೃತ್ತರಾದ ಈ ಮಹನೀಯರು ಏನನ್ನಾದರೂ ಸುಧಾರಿಸಲು ಹೊರಟರೆ ಮನೆಯಲ್ಲಿ ಒಂದು ಸಾಮಾನು ಕಡಿಮೆಯಾಗುವುದು ಖಂಡಿತ. ಹೈದರಾಬಾದಿನ ಕಾಚಿಗೂಡದ ಬಾಡಿಗೆ ಮನೆಯಲ್ಲಿದ್ದಾಗ ಫ್ಯಾನಿಗೆ ರಿಮೋಟು ಕೂಡಿಸಲು ಹೋಗಿ ಪಕ್ಕದ ಲಾಡ್ಜಿನ ದೀಪ ಆರಿಸಿದ್ದರು.

ಬಂಡಿಯೆಂದರೆ ಎತ್ತಿನದಲ್ಲ. ಶಂಶಾಬಾದಿನ ದಾರಿಯಲ್ಲಿ ಸಾಫ್ಟ್‌ವೇರಿನವರಿಗಾಗಿ ಎದ್ದ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಮಗಳು ಲಹರಿ ಫ್ಲ್ಯಾಟು ಕೊಂಡು ಅಪ್ಪ ಅವ್ವನನ್ನೂ ಕರೆತಂದಿದ್ದಳು. ಗೇಟಿನಿಂದ ಕೊನೆಯ ಬ್ಲಾಕಿನವರೆಗೆ ವಯಸ್ಸಾದವರನ್ನು ಒಯ್ಯಲು ಅಲ್ಲೊಂದು ಬ್ಯಾಟರಿಯ ಗಾಲ್ಫ್ ಕಾರ್ಟ್ ಇತ್ತು. ಇವರ ಮನೆ ಕೊನೆಯ ಬ್ಲಾಕಿನಲ್ಲೇ. ಶಂಕ್ರಮ್ಮನ ಮೊಣಕಾಲುಗಳಂತೂ ರಾಜೀನಾಮೆ ಕೊಟ್ಟು ಬಹಳ ದಿನವಾಗಿತ್ತು. ಈಗ ನೋಡಿದರೆ ಕಮಿಟಿಯವರು, ಬಂಡಿ ಬರೀ ಖಾಲಿ ಓಡಾಡುತ್ತದೆ, ಅದನ್ನು ನಿಲ್ಲಿಸುವ ಬಗ್ಗೆ ಭಾನುವಾರ ಮೀಟಿಂಗು ಎಂದು ಲಿಫ್ಟಿನಲ್ಲಿ ನೋಟೀಸು ಹಚ್ಚಿದ್ದರು.

“ಖಾಲಿ ಯಾಕ ಓಡ್ತೈತಿ? ಸಪ್ಪಳ ಇಲ್ಲ! ಬಂದದ್ದು ಗೊತ್ತಾಗಂಗಿಲ್ಲ, ಹೋದದ್ದು ಗೊತ್ತಾಗಂಗಿಲ್ಲ. ಒಂದು ಆಂಪ್ಲಿಫೈಯರ್, ಒಂದು ಸ್ಪೀಕರ್, ನನ್ನ ಕಾಲರಿಗೊಂದು ವೈರಿಲ್ಲದ ಮೈಕ್. ಕೂಗಿ ಕೂಗಿ ಮಂದಿ ತುಂಬಿಸ್ತೀನಿ, ನೋಡಾಕತ್ತಿರು!”

“ಕಮಿಟಿಯವ್ರನ್ನ ಕೇಳೀರೇನ್ರಿ?”

“ವಿಜ್ಞಾನಕ್ಕ ಯಾರ ಪರ್ಮಿಶನ್ ಬೇಕು?”

ಬಂಡಿಯ ಸೀಟಿನ ಕೆಳಗೆ ನಾಲ್ಕು ಬ್ಯಾಟರಿ. ಆಂಪ್ಲಿಫೈಯರಿಗೆ ಒಂದರ ಕರೆಂಟು ಸಾಕು. ಹಾಗಾಗಿ ಗುರುಸಿದ್ದಪ್ಪನವರು ಒಂದಕ್ಕೇ ವೈರು ಸಿಕ್ಕಿಸಿದರು.

“ನಾಕು ಮಂದಿ ಹೊರೋ ಪಲ್ಲಕ್ಕಿಯೊಳಗ ಒಬ್ಬಾವನ್ನ ಉಪಾಸ ಕೆಡವಿದ್ರ ಪಲ್ಲಕ್ಕಿ ಮುಂದ ಹೋಗತೈತೇನ್ರಿ?” ಎಂದರು ಶಂಕ್ರಮ್ಮ.

“ನಿನಗ ಎಲೆಕ್ಟ್ರಿಕಲ್ ತಿಳಿಯಂಗಿಲ್ಲ, ಸುಮ್ಮನಿರು.”

ಶಂಕ್ರಮ್ಮ ಸುಮ್ಮನಾದರು. ಮದುವೆಯಾದಾಗಿನಿಂದ ಸುಮ್ಮನಾಗಿ ಸುಮ್ಮನಾಗಿ ಅವರಿಗೆ ಅದೂ ಸಾಕಾಗಿ ಹೋಗಿತ್ತು.

ಭಾನುವಾರ ಬೆಳಿಗ್ಗೆ ಬಂಡಿ ಹೊರಟಿತು. ಪೆನ್ ಡ್ರೈವಿನಿಂದ ಶಹನಾಯಿ! ನಡುನಡುವೆ, ಹತ್ತಿರಿ, ಕೂಡ್ರಿ ಎಂದು ತೆಲುಗು ಹಿಂದಿ ಎರಡರಲ್ಲೂ ಗುರುಸಿದ್ದಪ್ಪನವರ ಘನಗರ್ಜನೆ: “ಎಕ್ಕಂಡಿ ಸಾರ್! ಬೈಠಿಯೇ ಮೇಡಂ!” ಮಕ್ಕಳು ಬೆನ್ನು ಹತ್ತಿದವು. ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಮಲಗಿದ್ದ ಒಬ್ಬ ಸಾಫ್ಟ್‌ವೇರ್ ಹುಡುಗ ಬಾಲ್ಕನಿಗೆ ಬಂದು, ಬೈಯಲೂ ತ್ರಾಣವಿಲ್ಲದೆ, ಕೈ ಮುಗಿದು ಒಳಗೆ ಹೋದ. ಆದರೂ ಸುಳ್ಳು ಯಾಕೆ, ಮೊದಲ ಸುತ್ತಿಗೆ ಬಂಡಿ ತುಂಬಿತು. ಶಂಕ್ರಮ್ಮನಿಗೂ ಅರೆಗಳಿಗೆ ಹೆಮ್ಮೆಯಾಯಿತು.

ಎರಡನೇ ಸುತ್ತಿನಲ್ಲಿ, ಕ್ಲಬ್‌ಹೌಸಿನ ಎದುರಿಗೇ, ಉಪವಾಸ ಬಿದ್ದ ಬ್ಯಾಟರಿ ಕೈಯೆತ್ತಿತು. ಬಂಡಿ ನಿಂತಿತು. ಚೂರು ಕರೆಂಟು ಸಾಕಾಗುವ ಶಹನಾಯಿ ಮಾತ್ರ ನಿಲ್ಲಲಿಲ್ಲ! ಕೂತವರೆಲ್ಲ ಗೊಣಗುತ್ತ ಇಳಿದು ನಡೆದರು. ಗುರುಸಿದ್ದಪ್ಪನವರು ಪೆನ್ ಡ್ರೈವನ್ನು ಕಿತ್ತು ಜೇಬಿಗೆ ಹಾಕಿಕೊಂಡು, “ಆರಿಸಿದೆ” ಎಂದರು. ವಾಚ್‌ಮನ್‌ಗಳು ಬಂಡಿಯನ್ನು ತಳ್ಳಿ ಕ್ಲಬ್‌ಹೌಸಿನ ಬಾಗಿಲಲ್ಲಿ ಚಾರ್ಜಿಗೆ ಹಾಕಿದರು. ಒಳಗೆ ಮೀಟಿಂಗು ಶುರುವಾಗಿತ್ತು. ಫ್ಲ್ಯಾಟು ಮಗಳ ಹೆಸರಲ್ಲಿದ್ದದ್ದರಿಂದ ಲಹರಿ ಒಳಗೆ ಕೂತಳು. ಇವರಿಬ್ಬರೂ ಕಟ್ಟಡದ ಹಿಂದಿನ ಕಲ್ಲುಬೆಂಚಿಗೆ ಹೋದರು. ಪಕ್ಕದಲ್ಲೇ ಏಸಿ ಯಂತ್ರಗಳು ಒದರುತ್ತಿದ್ದವು.

ಹೈದರಾಬಾದಿನ ಕನ್ನಡಿಗರಿಗೆ ಒಂದು ಸವಲತ್ತಿದೆ. ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಎದುರಿಗೆ ನಿಂತವರ ಮುಖ ನೋಡುತ್ತಲೇ ಅವರನ್ನು ಕನ್ನಡದಲ್ಲಿ ಆಡಿಕೊಳ್ಳಬಹುದು. ದಣಿದ ಶಂಕ್ರಮ್ಮ ಅವತ್ತು ಆ ಸವಲತ್ತನ್ನು ಪೂರ್ತಿ ಬಳಸಿದರು, ಏಸಿಯ ಸಪ್ಪಳ ಮೀರುವಷ್ಟು ಗಟ್ಟಿಯಾಗಿ.

“ಆ ಸೆಕ್ರೆಟರಿ ವಿಶ್ವಜಿತ್ ಮಾರಿ ನೋಡೀರಿ? ಹಸೀ ಹಾಗಲಕಾಯಿ ಕಡದಂಗ! ಅವನ ನಾಯಿ ಸ್ವೆಟರ್ ಹಾಕ್ಕೊಂಡು ಬಂಡಿ ಮುಂದಿನ ಸೀಟಿನ್ಯಾಗ ಕುಂದರತೈತಿ, ನಾ ಹಿಂದಿನ ಸೀಟಿನ್ಯಾಗ!”

“ಹೂಂ.”

“ಮೀಟಿಂಗ್ ಅಂತ ಮೀಟಿಂಗ್! ಎಲ್ಲಾರೂ ಸಮೋಸಾ ತಿನ್ನಾಕ ಕೂಡ್ಯಾರ.”

“ಹೂಂ.”

ಶಂಕ್ರಮ್ಮನ ದನಿ ಇಳಿಯಿತು. “ಬಂಡಿ ಹೋತಂದ್ರ ನಾ ಗೇಟ್ ಕಾಣಂಗಿಲ್ರಿ. ಗೇಟಿನ್ಯಾಗ ಆ ಕಾಯಿಪಲ್ಯೆದಾಕಿ ಕೂಡ ನನ್ನ ಮುರುಕು ತೆಲುಗಿನ್ಯಾಗ ಒಂದೀಟು ಜಗಳಾಡಿ ಬಂದ್ರ ನನಗ ಊಟ ಹೋಗತೈತಿ. ಇಲ್ಲಂದ್ರ ದಿನಾ ಗ್ವಾಡಿ ನೋಡ್ಕೋತ ಕುಂದ್ರಬೇಕು. ಲಹರಿ ಮುಂದ ಹೇಳಿಲ್ಲ. ಹೇಳಿದ್ರ ರಜಾ ಹಾಕಿ ಕಾರಿನ್ಯಾಗ ಕರಕೊಂಡು ಹೊಕ್ಕಾಳ. ಅದೂ ಕೂಸು ಭಾಳ ದಣದಿರತೈತಿ.”

ಗುರುಸಿದ್ದಪ್ಪನವರು ಹೆಂಡತಿಯ ಮೊಣಕಾಲುಗಳ ಕಡೆ ನೋಡಿದರು. “ಹೂಂ” ಎಂದರು.

ಅಷ್ಟರಲ್ಲಿ ಕಟ್ಟಡದ ಮೂಲೆ ತಿರುಗಿ ಸಾಕ್ಷಾತ್ ವಿಶ್ವಜಿತ್ ಬಂದ. ಹಿಂದೆ ಲಹರಿ, ಕಣ್ಣು ಒದ್ದೆ, ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಇಷ್ಟು ವರ್ಷ ತೆಲುಗು, ಇಂಗ್ಲಿಷು ಬಿಟ್ಟು ಮಾತಾಡದ ವಿಶ್ವಜಿತ್ ಕೈ ಮುಗಿದ.

“ಅಮ್ಮಾರ, ಬಂಡಿ ಇರ್ತದ. ಎಲ್ಲಾರೂ ಒಪ್ಯಾರ. ನಾಯಿ ಇನ್ನ ಮ್ಯಾಲ ನಡಕೋತ ಬರ್ತದ. ಆ ಸ್ಪೀಕರ್ ಮಾತ್ರ ಇವತ್ತೇ ಬಿಚ್ಚಿಸ್ರಿ.”

ಶಂಕ್ರಮ್ಮನಿಗೆ ಬೆಂಚಿನ ಅಡಿ ಸೇರಿಬಿಡಬೇಕೆನ್ನಿಸಿತು. “ಯಪ್ಪಾ, ನಿಮಗ ಕನ್ನಡ...”

“ನಮ್ಮದು ಸೇಡಂ ಅದರಿ. ಲಿಫ್ಟಿನ್ಯಾಗ ನೀವು ಅನ್ನೋದೆಲ್ಲಾ ಕೇಳ್ಕೋತ ಮಜಾ ತಗೋತಿದ್ದೆ. ಇವತ್ತು ಬಾಗಿಲಾಗಿನ ಬಂಡಿ ಒಮ್ಮಿಂದೊಮ್ಮೆ ಮಾತಾಡ್ಲಿಕತ್ತು. ಇಡೀ ಮೀಟಿಂಗು ‘ಏನಂತಾರ, ಏನಂತಾರ’ ಅಂತ ಗಂಟು ಬಿತ್ತು. ನಿಮ್ಮ ಮಗಳು ದುಪಟ್ಟಾದಾಗ ಮಾರಿ ಮುಚ್ಕೊಂಡು ಕುಂತಿದ್ರು, ಅವರನ್ನ ಬಿಟ್ರ ಕನ್ನಡ ಬರೋನು ನಾ ಒಬ್ಬನೇ. ಹಾಗಲಕಾಯಿಂದ ಹಿಡದು ಎಲ್ಲಾ ತೆಲುಗಿನ್ಯಾಗ ನಾನೇ ಹೇಳಬೇಕಾಯ್ತು.”

ಗುರುಸಿದ್ದಪ್ಪನವರ ಕೈ ತಾನಾಗಿ ಕಾಲರಿಗೆ ಹೋಯಿತು. ಮೈಕಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಅವರು ಅದನ್ನು ಆರಿಸಿ, ಗಂಟಲು ಸರಿಮಾಡಿಕೊಂಡು, ಆಸೆಯಿಂದ ಕೇಳಿದರು:

“ಅದಿರ್ಲಿ ಸಾಹೇಬ್ರ, ಸೌಂಡ್ ಕ್ಲಿಯರ್ ಇತ್ತಲ್ರಿ?”

“ಅಮ್ಮಾರದು ಭಾಳ ಕ್ಲಿಯರ್ ಇತ್ತರಿ” ಎಂದ ವಿಶ್ವಜಿತ್. “ನಿಮ್ಮದು ಬರೇ ಹೂಂ ಇತ್ತು. ಅದನ್ನ ತೆಲುಗಿನ್ಯಾಗ ಹೇಳೋ ಜರೂರತ್ತೇ ಬೀಳಲಿಲ್ಲ. ಅಲ್ಲಿದ್ದ ಗಂಡಸರಿಗೆಲ್ಲಾ ತಿಳೀತು.”