ಚಿತ್ತಪ್ಪನ ವಿಮಾನದ ನಾಣ್ಯ

ಬಿಸಿಲೇರುವಷ್ಟರಲ್ಲಿ ಚಿತ್ತಪ್ಪನ ನಾಣ್ಯ ಕಾಣೆಯಾಗಿತ್ತು.

ವಾಯುಪಡೆಯಲ್ಲಿ ಎಂಜಿನ್ ರಿಪೇರಿ ಮಾಡಿ, ಎಂಬತ್ತನೇ ಇಸವಿಯಲ್ಲಿ ನಿವೃತ್ತನಾಗಿ ಜಗಳೂರಿಗೆ ಬಂದವನು. ಮದುವೆಯಿಲ್ಲ, ಮಕ್ಕಳಿಲ್ಲ. ಎಪ್ಪತ್ತೊಂದರ ಯುದ್ಧದ ನೆನಪಿಗೆ ಅವನ ದಳದವರು ಮಾಡಿಸಿಕೊಟ್ಟಿದ್ದ ನಾಣ್ಯ ಅದು. ಮೇಲೆ ಪುಟ್ಟ ನ್ಯಾಟ್ ಯುದ್ಧವಿಮಾನ. ಬೆಳಿಗ್ಗೆ ಕಾಫಿ ಕುಡಿಯುವಾಗ ಅವನು ಮಾತಾಡುತ್ತಿದ್ದದ್ದೇ ಆ ವಿಮಾನದ ಜೊತೆ.

"ನನ್ ವಿಮಾನ ಕಾಣ್ತಿಲ್ರೀ!" ಬಾಗಿಲಲ್ಲಿ ನಿಂತು ಕೂಗಿದ.

ಎದುರು ಮನೆಯ ಕೆಂಪಕ್ಕ ಆಕಾಶ ನೋಡಿದಳು. ವಿಷಯ ತಿಳಿದ ಮೇಲೆ, "ಬೆಳ್ಳೀದಾ?" ಅಂದಳು.

ಚಿತ್ತಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅಷ್ಟು ಸಾಕಾಯಿತು. ಪಕ್ಕದ ಮನೆಯ ಟೈಲರ್ ದುರುಗಣ್ಣ, ಹಿತ್ತಲ ಕಡೆಯ ಗಾದ್ರಮ್ಮ, ಇನ್ನೂ ನಾಲ್ಕಾರು ಜನ ಕಣಕ್ಕೆ ನುಗ್ಗಿದ ಕೋಳಿಗಳ ಹಾಗೆ ಮನೆ ಕೆದಕತೊಡಗಿದರು. ದುರುಗಣ್ಣ ಹಾಸಿಗೆಯ ಹೊಲಿಗೆಯನ್ನೇ ಬಿಚ್ಚಿದ. ಗಾದ್ರಮ್ಮ ಹಿಟ್ಟಿನ ಡಬ್ಬಿ ಸುರುವಿ, "ಬರೀ ಹುಳ ಐತಲ್ರೀ! ಏನ್ ತಿಂತೀರಿ ನೀವು?" ಎಂದು ಬೈಯುತ್ತಲೇ ತನ್ನ ಮನೆಯಿಂದ ರವೆ ತಂದು ಉಪ್ಪಿಟ್ಟು ಮಾಡಿದಳು.

ಬೆವರು ಒರೆಸಲು ಚಿತ್ತಪ್ಪ ಹೆಗಲ ಟವೆಲ್ ಕೊಡವಿದ. ಮಡಿಕೆಯೊಳಗಿಂದ ನಾಣ್ಯ ಅಂಗೈಗೆ ಬಿತ್ತು.

ಹೇಳಲು ಬಾಯಿ ತೆರೆದ. ಎಲ್ಲರೂ ನೆಲದ ಮೇಲೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ಅವನ ಮನೆಯಲ್ಲಿ ಯಾರೋ ನಗುತ್ತಿದ್ದರು. ಅವನು ನಾಣ್ಯವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಅಟ್ಟದ ಮ್ಯಾಲೆ ಇನ್ನೂ ನೋಡಿಲ್ಲ ಅಲ್ವಾ?" ಅಂದ.

ಅಟ್ಟವೂ ಆಯಿತು, ಹೆಂಚೂ ಆಯಿತು, ಸಂಜೆಯೂ ಆಯಿತು.

"ಮನೇಲಿ ಇಲ್ಲ ಅಂದ್ಮೇಲೆ ಯಾರೋ ಎತ್ಕಂಡಾರೆ," ಅಂದಳು ಕೆಂಪಕ್ಕ.

"ನನ್ ಕಡೆ ಯಾಕ್ ನೋಡ್ತೀಯಾ?" ದುರುಗಣ್ಣ ಸಿಡಿದ. "ಅಡಿಗೆಮನೇಲಿ ಒಬ್ಳೇ ಇದ್ದೋಳು ಯಾರು?"

ಗಾದ್ರಮ್ಮ ಅಳುತ್ತ ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಚಿತ್ತಪ್ಪನಿಗೆ ತಡೆಯಲಾಗಲಿಲ್ಲ. ನಾಣ್ಯ ತೆಗೆದು ಎಲ್ಲರ ಮುಂದೆ ಹಿಡಿದ.

"ಬೈಕಬ್ಯಾಡ್ರಿ. ಆಗ್ಲೇ ಸಿಕ್ಕಿತ್ತು. ನೀವೆಲ್ಲ ಹೋಗ್ಬಿಡ್ತೀರಿ ಅಂತ ಹೇಳ್ಲಿಲ್ಲ."

ಈಗ ನಕ್ಕುಬಿಡುತ್ತಾರೆ ಎಂದು ಚಿತ್ತಪ್ಪ ಕಾದ.

"ಎಂಥಾ ದೊಡ್ಡ ಮನುಷ್ಯ ನೋಡ್ರಿ!" ಕೆಂಪಕ್ಕ ಎಲ್ಲರತ್ತ ತಿರುಗಿದಳು. "ಕದ್ದೋರು ಮೆಲ್ಲಗೆ ಇವ್ರ ಕೈಗಿಟ್ಟಾರೆ. ಅವ್ರ ಮಾನ ಉಳ್ಸಾಕೆ ಇವ್ರು ಸುಳ್ಳು ಹೇಳ್ತಿದಾರೆ."

"ಇಲ್ರೀ, ದೇವ್ರಾಣೆ..."

"ಇನ್ಮ್ಯಾಲೆ ಈ ಹೊಸ್ತಿಲು ತುಳಿಯಲ್ಲಪ್ಪಾ," ಅಂದ ದುರುಗಣ್ಣ, ಚಪ್ಪಲಿ ಮೆಟ್ಟುತ್ತ. "ಕಳ್ಳ ಅನ್ನಿಸ್ಕೊಳ್ಳಾಕೆ ಯಾರಿಗೆ ಬೇಕಾಗೈತೆ?"

ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡುತ್ತ, ಚಿತ್ತಪ್ಪನಿಗೆ ಮಾತ್ರ ಭಕ್ತಿಯಿಂದ ಕೈ ಮುಗಿದು, ಎಲ್ಲರೂ ಒಬ್ಬೊಬ್ಬರಾಗಿ ಹೊರಟುಹೋದರು.